ಪದ ಪರಿಚಯ: ಕಾಮನ್ ವೈರ್

"ಕಾಮನ್ ತುಟಲೀ ಆಹೇ." ಹೋದ ಬೇಸಿಗೆಯಲ್ಲಿ ಪುಣೆಯ ಬಾವಧನ್‌ನ ನಮ್ಮ ಮನೆಗೆ ಬಂದ ಎಲೆಕ್ಟ್ರಿಷಿಯನ್ ಹತ್ತೇ ನಿಮಿಷದಲ್ಲಿ ಹೇಳಿದ ಮಾತು. ಕಾಮನ್ ಕಡಿದಿದೆ ಅಂತ ಅರ್ಥ. ಲಾನ್‌ನ ನಾಲ್ಕೂ ಕಡೆಯ ಸ್ಪ್ರಿಂಕ್ಲರ್ ಒಟ್ಟಿಗೇ ನಿಂತುಹೋಗಿತ್ತು. ಹೊತ್ತಿಗೆ ಸರಿಯಾಗಿ ನೀರು ಬಿಡುವ ಟೈಮರ್ ಕೆಟ್ಟಿದೆ ಅಂದುಕೊಂಡು ಹೊಸದಕ್ಕೆ ದುಡ್ಡು ಹೊಂದಿಸಿಟ್ಟಿದ್ದೆ. ನೋಡಿದರೆ, ಗುದ್ದಲಿ ಏಟಿಗೆ ಒಂದೇ ಒಂದು ತಂತಿ ಕಡಿದಿತ್ತು.

ಆ ತಂತಿಯ ಹೆಸರೇ ಕಾಮನ್. ಸ್ಪ್ರಿಂಕ್ಲರ್‌ನ ಪ್ರತಿ ವಾಲ್ವ್ ಮೇಲೆ ಒಂದು ಕಾಯಿಲ್, ಅಂದರೆ ಕರೆಂಟ್ ಬಂದಾಗ ವಾಲ್ವ್ ತೆರೆಯುವ ತಂತಿಸುರುಳಿ, ಕೂತಿರುತ್ತದೆ. ಅದರಿಂದ ಎರಡು ವೈರು ಹೊರಗೆ ಬರುತ್ತವೆ. ಒಂದು ನೇರ ಟೈಮರ್‌ಗೆ, ಆ ವಾಲ್ವ್‌ನ ನಂಬರಿಗೆ ಹೋಗುತ್ತದೆ. ಇನ್ನೊಂದನ್ನು ಎಲ್ಲ ವಾಲ್ವ್‌ಗಳಿಗೂ ಸೇರಿದ, ಟೈಮರ್‌ಗೆ ಮರಳುವ ಒಂದು ತಂತಿಗೆ ಕಟ್ಟುತ್ತಾರೆ. ಪುಣೆಯ ಹಳೇ ವಾಡೆಗಳನ್ನು ನೋಡಿದ್ದೀರಲ್ವಾ? ಒಳಗೆ ಎಷ್ಟೋ ಸಂಸಾರ, ಬೀದಿಗೆ ಒಂದೇ ದೊಡ್ಡ ಬಾಗಿಲು. ಕಾಮನ್ ಆ ಬಾಗಿಲಿನ ಹಾಗೆ. ಒಂದು ವಾಲ್ವ್‌ನ ಸ್ವಂತ ವೈರು ಕಡಿದರೆ ಅದೊಂದೇ ನಿಲ್ಲುತ್ತದೆ. ಕಾಮನ್ ಹೋದರೆ ಎಲ್ಲವೂ.

"ಹಂಗಾರ ಇದು ನ್ಯೂಟ್ರಲ್ ಅಲ್ಲೇನ್ರಿ?" ಅಂತ ಪಕ್ಕದ ಮನೆಯ ಧಾರವಾಡದವರು ಕೇಳಿದರು. ಅಲ್ಲ. ಇದನ್ನು ಒತ್ತಿ ಹೇಳಬೇಕು. ನ್ಯೂಟ್ರಲ್ ಮನೆಯ 230 ವೋಲ್ಟ್ ವೈರಿಂಗಿಗೆ ಸೇರಿದ್ದು. ಟೈಮರ್‌ನ ಟ್ರಾನ್ಸ್‌ಫಾರ್ಮರ್ ಆ 230 ವೋಲ್ಟನ್ನು 24 ವೋಲ್ಟ್‌ಗೆ ಇಳಿಸುತ್ತದೆ. ಕಾಮನ್ ಇರುವುದು ಈ 24 ವೋಲ್ಟ್ ಕಡೆ. ಎರಡನ್ನೂ ಎಂದೂ ಒಟ್ಟಿಗೆ ಕಟ್ಟಬಾರದು.

ವೈರು ತರುವಾಗ ಮೊದಲು ಎಣಿಕೆ. ನಾಲ್ಕು ವಾಲ್ವ್‌ಗೆ ನಾಲ್ಕು, ಕಾಮನ್ ಒಂದು, ಒಟ್ಟು ಐದು ಕೋರ್, ಅಂದರೆ ಒಂದೇ ಕೇಬಲ್ಲಿನೊಳಗೆ ಐದು ತಂತಿ. ನಾನು ಬುಧವಾರ ಪೇಟೆಯ ತಾಪ್ಕೀರ್ ಗಲ್ಲಿಯಿಂದ ಸರಿಯಾಗಿ ಐದು ಕೋರ್ ಕೇಬಲ್ಲೇ ತಂದೆ. ಮರುವರ್ಷ ಮಲ್ಲಿಗೆ ಬಳ್ಳಿಗಳಿಗೆ ಡ್ರಿಪ್ ಹಾಕಿಸೋಣ ಅಂದರೆ ಖಾಲಿ ಕೋರ್ ಇಲ್ಲ! ಒಂದು ವೈರಿಗಾಗಿ ಲಾನ್ ಮತ್ತೆ ಅಗೆಸಬೇಕಾಯಿತು. ಒಂದೆರಡು ಕೋರ್ ಜಾಸ್ತಿಯೇ ಇರಲಿ. ಕಾಮನ್‌ಗೆ ಬಿಳಿ ತಂತಿ ಹಿಡಿಯುವುದು ರೂಢಿ.

ಆಮೇಲೆ ದಪ್ಪ. ಮನೆಯ ಲಾನ್‌ಗೆ 1 ಚದರ ಮಿಲಿಮೀಟರ್ ತಾಮ್ರ ಸಾಕು ಅಂತ ನನ್ನ ಅಭಿಪ್ರಾಯ. ಲೆಕ್ಕ ನೋಡಿ: ವಾಲ್ವ್ 50 ಮೀಟರ್ ದೂರ ಇದ್ದರೆ, ಹೋಗಿ ಬರಲು 100 ಮೀಟರ್ ತಂತಿ. ಅದರ ರೆಸಿಸ್ಟೆನ್ಸ್ 1.8 ಓಮ್ ಆಸುಪಾಸು. ತೆರೆಯುವ ಕ್ಷಣದಲ್ಲಿ ಕಾಯಿಲ್ 0.4 ಆಂಪಿಯರ್ ಎಳೆಯಿತು ಅಂದುಕೊಂಡರೆ, ದಾರಿಯಲ್ಲಿ ಸೋರುವುದು ಮುಕ್ಕಾಲು ವೋಲ್ಟ್ ಮಾತ್ರ. ಮನೆಯಲ್ಲಿ ಉಳಿದಿದೆ ಅಂತ ಅರ್ಧ ಮಿಲಿಮೀಟರ್ ದಪ್ಪದ ಟೆಲಿಫೋನ್ ವೈರು ಎಳೆದರೆ ಮೂರೂವರೆ ವೋಲ್ಟ್ ಹೋಗುತ್ತದೆ. ಅದರ ಜೊತೆ ಬೇಸಿಗೆಯ ಲೋ ವೋಲ್ಟೇಜ್ ಸೇರಿದರೆ ಕಾಯಿಲ್ ಸುಮ್ನೆ ಗುಂಯ್ ಅನ್ನಬಹುದು, ನೀರು ಬರದೇ ಹೋಗಬಹುದು. ಕಾಮನ್ ನಾಲ್ಕು ಪಟ್ಟು ದಪ್ಪ ಬೇಡ. ಸಾಮಾನ್ಯವಾಗಿ ಟೈಮರ್ ಒಂದು ಸಲಕ್ಕೆ ಒಂದೇ ವಾಲ್ವ್ ತೆರೆಯುತ್ತದೆ. ಮಾಸ್ಟರ್ ವಾಲ್ವ್ (ಎಲ್ಲಕ್ಕೂ ನೀರು ಬಿಡುವ ಮುಖ್ಯ ವಾಲ್ವ್) ಇದ್ದರೆ ಅದೂ ಜೊತೆಗೆ ಓಡುತ್ತದೆ, ದೂರ ಜಾಸ್ತಿ ಇದ್ದರೆ ಆಗ ಕಾಮನ್‌ಗೆ ಒಂದೂವರೆ ಚದರ ಮಿಲಿಮೀಟರ್ ಹಾಕಿ.

ಕೇಬಲ್ ಮಣ್ಣಿನಲ್ಲಿ ಹೂಳಲೆಂದೇ ಮಾಡಿದ್ದಾಗಿರಬೇಕು. ಜಾಯಿಂಟ್‌ಗೆ ಬರೀ ಟೇಪ್ ಸುತ್ತಿದರೆ ಇಲ್ಲಿಯ ನಾಲ್ಕು ತಿಂಗಳ ಮಳೆಗೆ ತಡೆಯುವುದಿಲ್ಲ. ನೀರು ಒಳಗಿಳಿದು ತಾಮ್ರ ಹಸಿರಾಗುತ್ತದೆ. ಒಳಗೆ ಗ್ರೀಸ್ ತುಂಬಿದ ಕ್ಯಾಪ್ ಸಿಗುತ್ತದೆ, ಅದನ್ನೇ ಹಾಕಿಸಿ. ಪುಣೆಯ ಕಪ್ಪು ಮಣ್ಣು ಬೇಸಿಗೆಯಲ್ಲಿ ಬಿರಿದು ವೈರನ್ನು ಎಳೆಯುತ್ತದೆ. ಪ್ರತಿ ವಾಲ್ವ್ ಬಾಕ್ಸಿನಲ್ಲೂ ಒಂದಡಿ ವೈರು ಸಡಿಲವಾಗಿ ಸುತ್ತಿಟ್ಟಿರಿ.

ಕಾಮನ್ ಎಲ್ಲಿ ಕಡಿದಿದೆ ಅಂತ ಹುಡುಕಲು ಮಲ್ಟಿಮೀಟರ್ ಸಾಕು. ಟೈಮರ್‌ನ ಕರೆಂಟ್ ತೆಗೆದು, ವೈರುಗಳನ್ನು ಬಿಡಿಸಿ. ಕಾಮನ್‌ಗೂ ಒಂದೊಂದು ವಾಲ್ವ್ ವೈರಿಗೂ ನಡುವೆ ಓಮ್ ಅಳೆಯಿರಿ. 20ರಿಂದ 60 ಬಂದರೆ ಸಾಮಾನ್ಯವಾಗಿ ಸರಿ ಇದೆ. ನಾಲ್ಕರಲ್ಲೂ ಮೀಟರ್ ಸೊನ್ನೆಯಲ್ಲ, ದಾರಿಯೇ ಇಲ್ಲ (OL) ಅಂತ ತೋರಿಸಿದರೆ ಕಾಮನ್ ಮೊದಲ ಬಾಕ್ಸಿಗೆ ಮುಂಚೆಯೇ ಹೋಗಿರಬೇಕು. ನಮ್ಮ ಮನೆಯಲ್ಲಿ ಆದದ್ದು ಹೀಗೆ. ಮೊದಲೆರಡು ಸರಿ ಇದ್ದು, ಆಮೇಲಿನವು ಸತ್ತಿದ್ದರೆ, ಎರಡನೇ ಮತ್ತು ಮೂರನೇ ಬಾಕ್ಸಿನ ನಡುವೆ ಅಗೆಯಿರಿ.