ಕಂತು ನಿಂತರೂ ಕೇಳುವಿಕೆ ನಿಲ್ಲುವುದಿಲ್ಲ

ಪಾಡ್‌ಕಾಸ್ಟ್‌ಗಳ ಕೇಳುಗರ ಲೆಕ್ಕವನ್ನು ಪರಿಶೀಲಿಸಿ ನಿರ್ಮಾಪಕರಿಗೂ ಜಾಹೀರಾತುದಾರರಿಗೂ ವರದಿ ಬರೆದುಕೊಡುವುದು ನನ್ನ ಉದ್ಯೋಗ. ಈ ಕೆಲಸದಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಯೊಂದಿದೆ: ಹೊಸ ಕಂತು ಬಂದು ವರ್ಷವೇ ಕಳೆದಿರುವ ಕಾರ್ಯಕ್ರಮವನ್ನು ಜನಪ್ರಿಯತೆಯ ಪಟ್ಟಿಯಲ್ಲಿ ಉಳಿಸಿಕೊಳ್ಳಬೇಕೇ, ತೆಗೆದುಹಾಕಬೇಕೇ? ತೆಗೆದುಹಾಕಿ ಎನ್ನುವವರೇ ಹೆಚ್ಚು. ವಾರ ವಾರವೂ ದುಡಿದು ಕಂತು ಕೊಡುವವರ ಜಾಗವನ್ನು ಕೆಲಸ ನಿಲ್ಲಿಸಿದವರು ಹಿಡಿದಿಟ್ಟುಕೊಳ್ಳಬಾರದು ಎಂಬುದು ಅವರ ವಾದ. ಮೇಲುನೋಟಕ್ಕೆ ನ್ಯಾಯವೆಂದೇ ತೋರುವ ಈ ವಾದವನ್ನು ನಾನು ಒಪ್ಪುವುದಿಲ್ಲ. ಜನಪ್ರಿಯತೆಯ ಪಟ್ಟಿ ಅಳೆಯಬೇಕಾದದ್ದು ಕೇಳುವವರ ಆಸಕ್ತಿಯನ್ನೇ ಹೊರತು ಮಾಡುವವರ ಶ್ರಮವನ್ನಲ್ಲ.

ಪಾಡ್‌ಕಾಸ್ಟ್ ಎಂಬ ಒಂದೇ ಹೆಸರಿನಡಿ ಎರಡು ಬಗೆಯ ಕೃತಿಗಳಿರುವುದೇ ಗೊಂದಲದ ಮೂಲ. ದಿನದ ಸುದ್ದಿ ಹೇಳುವ ಕಾರ್ಯಕ್ರಮ ಪತ್ರಿಕೆಯಂತೆ. ಪ್ರಕಟಣೆ ನಿಂತ ಕೆಲವೇ ದಿನಗಳಲ್ಲಿ ಅದರ ಓದುಗರೂ ಚದುರಿಹೋಗುತ್ತಾರೆ. ಒಂದು ಕತೆಯನ್ನು ಆದಿಯಿಂದ ಅಂತ್ಯದವರೆಗೆ ಹೇಳಿ ಮುಗಿಸುವ ಸರಣಿಯಾದರೋ ಪುಸ್ತಕದಂತೆ. ಬರೆದು ಮುಗಿಸಿದ ಮೇಲೆಯೇ ಅದರ ಓದು ಶುರುವಾಗುವುದು. ‘ಎಸ್-ಟೌನ್’ ಎಂಬ ಅಮೆರಿಕದ ಸರಣಿಯ ಏಳೂ ಅಧ್ಯಾಯಗಳು 2017ರ ಮಾರ್ಚ್ 28ರಂದು ಒಟ್ಟಿಗೇ ಬಿಡುಗಡೆಯಾದವು. ಅದರ ಪಾಲಿಗೆ ಮೊದಲ ಕಂತಿನ ದಿನವೇ ಕೊನೆಯ ಕಂತಿನ ದಿನವೂ ಆಗಿತ್ತು. ಆದರೂ ಮೊದಲ ತಿಂಗಳಲ್ಲೇ ಅದರ ಡೌನ್‌ಲೋಡ್‌ಗಳು ನಾಲ್ಕು ಕೋಟಿ ದಾಟಿದವು. ಆ ಸರಣಿಯ ಹಿಂದಿದ್ದ ತಂಡದ್ದೇ ಆದ ‘ಸೀರಿಯಲ್’ ಕಾರ್ಯಕ್ರಮದ ಎರಡನೆಯ ಭಾಗ 2016ರ ಮಾರ್ಚಿನಲ್ಲಿ ಮುಗಿದು, ಮೂರನೆಯದು ಆರಂಭವಾದದ್ದು 2018ರ ಸೆಪ್ಟೆಂಬರಿನಲ್ಲಿ. ನಡುವಿನ ಎರಡೂವರೆ ವರ್ಷ ಅದನ್ನು ನಿಂತುಹೋದ ಕಾರ್ಯಕ್ರಮವೆಂದು ಬದಿಗಿಡುವ ನಿಯಮ, ಪಾಡ್‌ಕಾಸ್ಟ್ ಲೋಕದ ಅತಿ ಪ್ರಸಿದ್ಧ ಹೆಸರುಗಳಲ್ಲೊಂದನ್ನೇ ಬದಿಗಿಟ್ಟಂತಾಗುತ್ತದೆ.

ಇನ್ನು ಲೆಕ್ಕದ ಒಳಗಿಗೆ ಬರೋಣ. ಸಾಮಾನ್ಯ ಓದುಗರಿಗೆ ತಿಳಿಯದ, ಆದರೆ ನಮ್ಮ ಕಸುಬಿನಲ್ಲಿ ದಿನವೂ ಎದುರಾಗುವ ಅನ್ಯಾಯವಿರುವುದು ಇಲ್ಲಿಯೇ. ಬಹುತೇಕ ವರದಿಗಳ ಆಧಾರ ಡೌನ್‌ಲೋಡ್ ಸಂಖ್ಯೆ. ಡಿಜಿಟಲ್ ಜಾಹೀರಾತಿನ ಮಾನದಂಡಗಳನ್ನು ರೂಪಿಸುವ ಐಎಬಿ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ ಕನಿಷ್ಠ ಒಂದು ನಿಮಿಷದ ಧ್ವನಿಯಷ್ಟು ದತ್ತಾಂಶ ಸರ್ವರ್‌ನಿಂದ ಹೊರಟರೆ ಅದನ್ನು ಒಂದು ಡೌನ್‌ಲೋಡ್ ಎಂದು ಎಣಿಸಬಹುದು. ಯಾರಾದರೂ ಕಿವಿಗೊಟ್ಟು ಕೇಳಿದರೋ ಇಲ್ಲವೋ ಎಂಬುದು ಆ ಎಣಿಕೆಗೆ ತಿಳಿಯದು. ಎಷ್ಟೋ ಆ್ಯಪ್‌ಗಳಲ್ಲಿ, ಒಂದು ಕಾರ್ಯಕ್ರಮವನ್ನು ಫಾಲೋ ಮಾಡಿದವರ ಮೊಬೈಲು ಹೊಸ ಕಂತು ಬಂದೊಡನೆ ಅದನ್ನು ತಾನಾಗಿಯೇ ಇಳಿಸಿಕೊಳ್ಳುವುದರಿಂದ, ವಾರಕ್ಕೆ ಐದು ಕಂತು ಕೊಡುವವರಿಗೆ ಕೇಳದ ಕಂತುಗಳ ಲೆಕ್ಕವೂ ಸೇರುತ್ತದೆ. 2023ರಲ್ಲಿ ಐಫೋನಿನ ಹೊಸ ತಂತ್ರಾಂಶ ಐಒಎಸ್ 17 ಬಂದು, ಆ್ಯಪಲ್ ಪಾಡ್‌ಕಾಸ್ಟ್ಸ್ ಆ್ಯಪ್ ಹಳೆಯ ಕಂತುಗಳನ್ನು ತಾನಾಗಿ ಇಳಿಸಿಕೊಳ್ಳುವುದನ್ನು ಕಡಿಮೆ ಮಾಡಿದಾಗ, ಪದೇ ಪದೇ ಕಂತು ಕೊಡುವ ಎಷ್ಟೋ ಕಾರ್ಯಕ್ರಮಗಳ ಅಂಕಿ ಕುಸಿಯಿತು. ಕೇಳುವವರು ಮೊದಲಿನಷ್ಟೇ ಇದ್ದರು. ನಿಂತುಹೋದ ಕಾರ್ಯಕ್ರಮಕ್ಕೆ ಈ ಅನುಕೂಲವಿಲ್ಲ. ಹೊಸ ಕಂತೇ ಇಲ್ಲದ ಮೇಲೆ ಅದರ ಡೌನ್‌ಲೋಡ್‌ಗಳಲ್ಲಿ ಹೆಚ್ಚಿನವು ಯಾರೋ ಹುಡುಕಿ ಬಂದು, ಬೆರಳಿನಿಂದ ಒತ್ತಿ ಕೇಳಿದವು. ಹೀಗಿರುವಾಗ ಅದನ್ನು ಪಟ್ಟಿಯಿಂದ ತೆಗೆಯುವುದೆಂದರೆ, ಈಗಾಗಲೇ ಹೆಚ್ಚು ಕಂತು ಕೊಡುವವರತ್ತ ವಾಲಿರುವ ತಕ್ಕಡಿಗೆ ಅದೇ ಕಡೆ ಇನ್ನೊಂದು ಕಲ್ಲು ಇಟ್ಟಂತೆ.

ನಾನು ಲೆಕ್ಕ ನೋಡಿಕೊಂಡ ಕನ್ನಡದ ಮಕ್ಕಳ ಕತೆಗಳ ಒಂದು ಸಣ್ಣ ಸರಣಿ ಇದನ್ನು ನನಗೆ ಚೆನ್ನಾಗಿ ಕಲಿಸಿತು. ಅದನ್ನು ಮಾಡುತ್ತಿದ್ದವರು ಸಂಸಾರ, ನೌಕರಿಗಳ ನಡುವೆ ಪುರುಸೊತ್ತಿಲ್ಲದೆ ನಿಲ್ಲಿಸಿದ್ದರು. ಆಮೇಲೂ ಪ್ರತಿ ರಾತ್ರಿ ಎಂಟರಿಂದ ಹತ್ತರೊಳಗೆ ಕೇಳುವಿಕೆ ಏರುತ್ತಿತ್ತು. ಹೊರದೇಶಗಳಿಂದ ಬರುತ್ತಿದ್ದ ಕೇಳುವಿಕೆಯೂ ಅಲ್ಲಲ್ಲಿನ ಮಲಗುವ ಹೊತ್ತಿಗೇ ಹೆಚ್ಚುತ್ತಿತ್ತು. ಒಂದೇ ಕತೆಯನ್ನು ಮಗು ಹತ್ತು ಸಲ ಕೇಳುತ್ತದೆ, ಆ ಮಗು ಬೆಳೆದ ಮೇಲೆ ಇನ್ನೊಂದು ಮನೆಯಲ್ಲಿ ಇನ್ನೊಂದು ಮಗು ಕೇಳುತ್ತದೆ. ಒಂದು ಪಟ್ಟಿಯವರು ತೊಂಬತ್ತು ದಿನ ಹೊಸ ಕಂತು ಬಾರದಿದ್ದರೆ ಹೊರಗೆ ಎಂಬ ನಿಯಮ ಹಾಕಿ ಅದನ್ನು ಕೈಬಿಟ್ಟರು. ಪಟ್ಟಿ ನೋಡಿಯೇ ಕಾರ್ಯಕ್ರಮಗಳನ್ನು ಆರಿಸಿಕೊಳ್ಳುವ ಹೊಸ ತಂದೆತಾಯಂದಿರಿಗೆ ಆ ಸರಣಿ ಇದೆಯೆಂಬುದೇ ತಿಳಿಯದೆ ಹೋಯಿತು. ಕನ್ನಡದಂಥ ಭಾಷೆಯಲ್ಲಿ, ಬಹುಪಾಲು ಪಾಡ್‌ಕಾಸ್ಟ್‌ಗಳು ಒಬ್ಬಿಬ್ಬರ ಬಿಡುವಿನ ವೇಳೆಯ ದುಡಿಮೆಯಾಗಿರುವಾಗ, ನಿಂತದ್ದನ್ನೆಲ್ಲ ಅಳಿಸಿದರೆ ಉಳಿಯುವುದು ಬಹಳ ಸ್ವಲ್ಪ.

ನಿಷ್ಕ್ರಿಯ ಎಂದು ಗುರುತಿಸುವ ಬಗೆಯೂ ಅಷ್ಟು ಸುಲಭವಲ್ಲ. ಕಾರ್ಯಕ್ರಮ ಪೂರ್ತಿಯಾಯಿತೆಂದು ಫೀಡಿನಲ್ಲೇ, ಅಂದರೆ ಕಂತುಗಳ ವಿವರವನ್ನು ಆ್ಯಪ್‌ಗಳಿಗೆ ತಲುಪಿಸುವ ಕಡತದಲ್ಲೇ, ಸೂಚಿಸಲು ಆ್ಯಪಲ್ ಒಂದು ಟ್ಯಾಗ್ ಕೊಟ್ಟಿದೆ. ಅದನ್ನು ತುಂಬುವವರು ನನ್ನ ಅನುಭವದಲ್ಲಿ ತೀರಾ ವಿರಳ. ಕೊನೆಯ ಕಂತಿನ ದಿನಾಂಕವನ್ನೇ ನಂಬೋಣವೆಂದರೆ, ನಿಂತ ಕಾರ್ಯಕ್ರಮದ ಫೀಡಿನೊಳಗೆ ನಿರ್ಮಾಪಕರು ತಮ್ಮ ಬೇರೊಂದು ಕಾರ್ಯಕ್ರಮದ ಟ್ರೇಲರ್ ಹಾಕುವ ರೂಢಿ ಇದೆ. ಹಾಗೆ ಹಾಕಿದೊಡನೆ ದಿನಾಂಕ ಹೊಸದಾಗುತ್ತದೆ, ಹಳೆಯ ಫಾಲೋವರ್‌ಗಳ ಮೊಬೈಲುಗಳು ಅದನ್ನು ಇಳಿಸಿಕೊಳ್ಳುತ್ತವೆ, ಸತ್ತಂತಿದ್ದ ಕಾರ್ಯಕ್ರಮ ಪಟ್ಟಿಯಲ್ಲಿ ಮೇಲೇರುತ್ತದೆ. ನಿಜಕ್ಕೂ ತಡೆಯಬೇಕಾದದ್ದು ಇದನ್ನು. ಫೀಡಿನಲ್ಲಿ ಪ್ರತಿ ಕಂತನ್ನೂ ಪೂರ್ಣ, ಟ್ರೇಲರ್, ಬೋನಸ್ ಎಂದು ಗುರುತಿಸಲು ಅವಕಾಶವಿರುವುದರಿಂದ, ಪೂರ್ಣ ಕಂತುಗಳನ್ನು ಮಾತ್ರ ಎಣಿಸುವುದು ಒಂದು ದಾರಿ. ಗುರುತನ್ನೇ ತಪ್ಪಾಗಿ ಹಾಕುವವರಿಗೆ ಅದೂ ಸಾಲದು. ಅಂಥಲ್ಲಿ ಕಂತಿನ ಅವಧಿಯನ್ನೂ ನೋಡಬೇಕಾಗುತ್ತದೆ. ಎಷ್ಟು ದಿನ ಸುಮ್ಮನಿದ್ದರೆ ನಿಂತಂತೆ ಎಂಬುದಕ್ಕೆ ನಾನು ಆಯಾ ಕಾರ್ಯಕ್ರಮದ ಹಿಂದಿನ ಲಯವನ್ನೇ ಅಳತೆಗೋಲಾಗಿ ಬಳಸುತ್ತೇನೆ: ದಿನವೂ ಬರುತ್ತಿದ್ದದ್ದು ತಿಂಗಳು ಬಾರದಿದ್ದರೆ ಅದು ನಿಂತಿದೆ, ವರ್ಷಕ್ಕೊಂದು ಸರಣಿ ಕೊಡುವವರು ಹತ್ತು ತಿಂಗಳು ಸುಮ್ಮನಿದ್ದರೆ ಅದು ಅವರ ಬಿಡುವು.

ಸಂಗೀತದ ಪಟ್ಟಿಗಳು ಈ ಪೆಟ್ಟನ್ನು ಮೊದಲೇ ತಿಂದಿವೆ. ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡ್ ಹಳೆಯ ಆಲ್ಬಮ್‌ಗಳನ್ನು ತನ್ನ ಮುಖ್ಯ ಪಟ್ಟಿಯಿಂದ ಹೊರಗಿಟ್ಟು ಬೇರೆ ಪಟ್ಟಿಗೆ ಸೇರಿಸುತ್ತಿತ್ತು. 2009ರ ಜೂನ್‌ನಲ್ಲಿ ಮೈಕೆಲ್ ಜಾಕ್ಸನ್ ತೀರಿಕೊಂಡಾಗ ಜನ ಮುಗಿಬಿದ್ದು ಕೊಂಡದ್ದು ಅವರ ಹಳೆಯ ಆಲ್ಬಮ್‌ಗಳನ್ನು; ಮುಖ್ಯ ಪಟ್ಟಿಯ ಮೊದಲ ಸ್ಥಾನದಲ್ಲಿದ್ದ ಆಲ್ಬಮ್‌ಗಿಂತ ಅವು ಹೆಚ್ಚು ಮಾರಾಟವಾದರೂ ಆ ಪಟ್ಟಿಯಲ್ಲಿ ಅವುಗಳ ಹೆಸರಿರಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಬಿಲ್‌ಬೋರ್ಡ್ ನಿಯಮ ಬದಲಿಸಿ ಹಳೆಯವನ್ನೂ ಒಳಗೆ ಬಿಟ್ಟುಕೊಂಡಿತು.

ಜಾಹೀರಾತುದಾರರ ಅಗತ್ಯ ಬೇರೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ನಿರೂಪಕರ ದನಿಯಲ್ಲೇ ತಮ್ಮ ಸರಕಿನ ಹೆಸರು ಹೇಳಿಸಬೇಕೆನ್ನುವವರಿಗೆ ಹೊಸ ಕಂತು ಬರುವ ಕಾರ್ಯಕ್ರಮವೇ ಬೇಕು. ಆದರೆ ಇಂದು ಎಷ್ಟೋ ಜಾಹೀರಾತುಗಳನ್ನು ಕಂತು ಇಳಿಯುವ ಕ್ಷಣದಲ್ಲಿ ಸರ್ವರ್ ಸೇರಿಸಿಕೊಡುತ್ತದೆ. ಐದು ವರ್ಷ ಹಳೆಯ ಕಂತಿನಲ್ಲೂ ಈ ವಾರದ ಜಾಹೀರಾತು ಕೇಳಿಸುತ್ತದೆ. ಆದ್ದರಿಂದ ನನ್ನ ವರದಿಗಳಲ್ಲಿ ಪ್ರತಿ ಹೆಸರಿನ ಮುಂದೆ ‘ನಡೆಯುತ್ತಿದೆ’, ‘ಬಿಡುವಿನಲ್ಲಿದೆ’, ‘ಮುಗಿದಿದೆ’, ‘ನಿಂತಿದೆ’ ಎಂದು ಸ್ಥಿತಿಯನ್ನೂ, ಆ ತಿಂಗಳು ಬಂದ ಹೊಸ ಕಂತುಗಳ ಸಂಖ್ಯೆಯನ್ನೂ ಬರೆಯುತ್ತೇನೆ. ಹೊಸದಷ್ಟೇ ಬೇಕಾದವರು ಉಳಿದವನ್ನು ಸೋಸಿ ತೆಗೆಯಬಹುದು. ಕ್ರಮಾಂಕವನ್ನು ಮಾತ್ರ ಆ ತಿಂಗಳು ನಿಜವಾಗಿ ಕೇಳಿದ ಜನರ ಸಂಖ್ಯೆಯಿಂದಲೇ ನಿರ್ಧರಿಸುತ್ತೇನೆ, ಅದು ನಡೆಯುತ್ತಿರುವ ಕಾರ್ಯಕ್ರಮವಾಗಲಿ, ನಿಂತದ್ದಾಗಲಿ.