ವಾಂತಿ-ಭೇದಿಯ ದಿನ ನೋವಿನ ಮಾತ್ರೆ

“ನಾನೇನೂ ಹೆಚ್ಚು ನುಂಗಿಲ್ಲ ಡಾಕ್ಟರೇ, ಯಾವಾಗಲೂ ತೆಗೆದುಕೊಳ್ಳುವಷ್ಟೇ” ಎಂಬ ಮಾತನ್ನು ಮೂತ್ರಪಿಂಡ ತಜ್ಞರೆಲ್ಲರೂ ಕೇಳಿ ಕೇಳಿ ಬೇಸತ್ತಿರುತ್ತಾರೆ. ಮಾತ್ರೆ ಮಿತಿಮೀರುವುದೆಂದರೆ ಒಮ್ಮೆಲೇ ಮುಷ್ಟಿ ತುಂಬ ನುಂಗುವುದೆಂದೇ ಜನ ತಿಳಿದಿದ್ದಾರೆ. ಆರೋಗ್ಯವಾಗಿದ್ದಾಗ ಮಿತಿಯೊಳಗಿದ್ದ ಪ್ರಮಾಣವೇ ವಾಂತಿ-ಭೇದಿಯಿಂದ ನೀರಿನಂಶ ಕಳೆದುಕೊಂಡ ದಿನ ಅತಿಯಾಗಬಹುದು ಎಂಬುದನ್ನು ಎಷ್ಟು ಹೇಳಿದರೂ ಸಾಲದು.

ಹೃದಯ ಹೊರದೂಡುವ ರಕ್ತದಲ್ಲಿ ಸುಮಾರು ಐದನೆಯ ಒಂದು ಪಾಲು ಮೂತ್ರಪಿಂಡಗಳಿಗೆ ಹೋಗುತ್ತದೆ. ನೀರಿನಂಶ ಇಳಿದು ಈ ಹರಿವು ಕುಗ್ಗಿದಾಗ, ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳು ಮೂತ್ರಪಿಂಡದೊಳಗೆ ರಕ್ತವನ್ನು ಶೋಧಿಸುವ ಸೋಸುಕಗಳಿಗೆ ರಕ್ತ ತರುವ ಕಿರುಧಮನಿಗಳನ್ನು ಹಿಗ್ಗಿಸಿ ಹೇಗೋ ಕೆಲಸ ನಡೆಸುತ್ತವೆ. ಐಬುಪ್ರೊಫೆನ್, ಡೈಕ್ಲೊಫೆನಾಕ್, ನ್ಯಾಪ್ರೊಕ್ಸೆನ್‌ಗಳು ನೋವನ್ನು ತಗ್ಗಿಸುವುದು ಆ ರಾಸಾಯನಿಕಗಳ ಉತ್ಪತ್ತಿಯನ್ನು ತಡೆದೇ. ಅದರ ಮೇಲೆ ರಾಮಿಪ್ರಿಲ್ ಅಥವಾ ಟೆಲ್ಮಿಸಾರ್ಟಾನ್‌ನಂಥ ರಕ್ತದೊತ್ತಡದ ಮಾತ್ರೆ ಸೋಸುಕದಿಂದ ಹೊರಹೋಗುವ ನಾಳವನ್ನು ಸಡಿಲಿಸಿ, ಮೂತ್ರ ಹೆಚ್ಚಿಸುವ ಮಾತ್ರೆ ಇದ್ದಬದ್ದ ನೀರನ್ನೂ ಹೊರಹಾಕಿದರೆ, ಸೋಸುವುದಕ್ಕೆ ಬೇಕಾದ ಒತ್ತಡವೇ ಉಳಿಯುವುದಿಲ್ಲ.

ಹಿರಿಯರೊಬ್ಬರು ಭೇದಿಯಿಂದ ಸುಸ್ತಾಗಿ ಬಂದಿದ್ದರು. ಹಿಂದಿನ ದಿನದಿಂದ ಮೂತ್ರವೇ ಸರಿಯಾಗಿ ಆಗಿರಲಿಲ್ಲ. ಮಗಳು ಚೀಲದಿಂದ ತೆಗೆದ ಎರಡು ಸ್ಟ್ರಿಪ್‌ಗಳನ್ನು ಕತ್ತರಿಯಲ್ಲಿ ಎಷ್ಟು ಅಚ್ಚುಕಟ್ಟಾಗಿ ತುಂಡರಿಸಿದ್ದರೆಂದರೆ ಔಷಧದ ಹೆಸರಿದ್ದ ಭಾಗವೇ ಮಾಯವಾಗಿತ್ತು. ಮನೆಯಲ್ಲಿದ್ದ ಡಬ್ಬಿ ತರಿಸಿ ನೋಡಿದರೆ ಎರಡೂ ಬೇರೆ ಬೇರೆ ಕಂಪನಿಯ ಡೈಕ್ಲೊಫೆನಾಕ್. “ಒಂದು ಮಂಡಿಗೆ, ಇನ್ನೊಂದು ಸೊಂಟಕ್ಕೆ” ಎಂದು ಆ ಹಿರಿಯರು ವಿವರಿಸಿದಾಗ ಗದರಬೇಕೋ ನಗಬೇಕೋ ತಿಳಿಯಲಿಲ್ಲ. ಮಾತ್ರೆ ನಿಲ್ಲಿಸಿ ದ್ರವ ಕೊಟ್ಟ ಮೇಲೆ ಡಯಾಲಿಸಿಸ್ ಇಲ್ಲದೆಯೇ ಚೇತರಿಸಿಕೊಂಡರು. ಎಲ್ಲರಿಗೂ ಹಾಗಾಗುತ್ತದೆಂದು ಭರವಸೆ ಕೊಡಲಾರೆ.

ಮೂತ್ರಪಿಂಡಕ್ಕೆ ಬೀಳುವ ಈ ಪೆಟ್ಟಿನಿಂದ ಸಾಮಾನ್ಯವಾಗಿ ನೋವಾಗುವುದಿಲ್ಲ. ಮೂತ್ರಪಿಂಡ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ತ್ಯಾಜ್ಯ ರಕ್ತದಲ್ಲಿ ಏರುವುದಕ್ಕೂ ಒಂದೆರಡು ದಿನ ಹಿಡಿಯಬಹುದಾದ್ದರಿಂದ ಮೊದಲ ದಿನದ ವರದಿ ಚೆನ್ನಾಗಿದೆಯೆಂದು ನಿಶ್ಚಿಂತರಾಗುವಂತಿಲ್ಲ. ವಾಂತಿ-ಭೇದಿ ಇರುವಾಗ ನೋವಿನ ಮಾತ್ರೆಯನ್ನು ವೈದ್ಯರನ್ನು ಕೇಳದೆ ಮುಟ್ಟಬೇಡಿ. ರಕ್ತದೊತ್ತಡದ ಮಾತ್ರೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕೇ ಎಂಬುದನ್ನೂ ಅವರೇ ನಿರ್ಧರಿಸಲಿ. ದಿನದ ಮೂತ್ರ 400 ಮಿಲಿಲೀಟರಿಗಿಂತ ಕೆಳಗಿಳಿದ ಮೇಲೆ, ಮಾತ್ರೆಯ ವಿಷವನ್ನು ತೊಳೆದು ಹಾಕುತ್ತೇವೆಂದು ಮನೆಯಲ್ಲೇ ಕುಳಿತು ಚೊಂಬುಗಟ್ಟಲೆ ನೀರು ಕುಡಿಸುವವರಿದ್ದಾರೆ. ಹೊರಹೋಗಲು ದಾರಿಯಿಲ್ಲದ ಆ ನೀರು ಶ್ವಾಸಕೋಶದಲ್ಲಿ ತುಂಬಿಕೊಳ್ಳಬಹುದು.