ಬೋರ್ಡ್ ಸತ್ತಿಲ್ಲ, ಕರೆಂಟ್ ಸಾಲುತ್ತಿಲ್ಲ

ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್ ಕೆಟ್ಟಿದೆ ಅಂತ ಅಂಗಡಿಗೆ ತರುವವರಲ್ಲಿ ಹೆಚ್ಚಿನವರ ಬೋರ್ಡ್ ಕೆಟ್ಟಿರುವುದಿಲ್ಲ. ಬೇರೆ ಅಡಾಪ್ಟರ್ ಚುಚ್ಚಿ, ಬೇರೆ ಮೆಮೊರಿ ಕಾರ್ಡ್ ಹಾಕಿದರೆ ಎದ್ದು ಕೂರುತ್ತದೆ. ಚಿಕ್ಕಬಳ್ಳಾಪುರದಲ್ಲಿ ರಿಪೇರಿ ಕೆಲಸ ಮಾಡುವ ನನ್ನ ಹತ್ತಿರ ಈಗ ಟಿವಿ, ಯುಪಿಎಸ್ ಬೋರ್ಡ್‌ಗಳ ಜೊತೆ ಇವೂ ಬರುತ್ತವೆ. ತರುವವರು ಪಾಲಿಟೆಕ್ನಿಕ್ ಹುಡುಗರು, ಹೈಸ್ಕೂಲ್ ಮೇಷ್ಟ್ರುಗಳು, ಶಿಡ್ಲಘಟ್ಟ ಕಡೆಯ ರೇಷ್ಮೆ ಬೆಳೆಗಾರರ ಮಕ್ಕಳು. "ಅಣ್ಣಾ, ನಿನ್ನೆ ರಾತ್ರಿವರೆಗೂ ಚೆನ್ನಾಗೇ ಓಡ್ತಿತ್ತು, ಬೆಳಗ್ಗೆ ನೋಡಿದ್ರೆ ಏನೂ ಇಲ್ಲ" ಅನ್ನುತ್ತಾರೆ. ರಾತ್ರಿ ಕರೆಂಟ್ ಹೋಗಿತ್ತಾ ಅಂತ ನಾನು ಮೊದಲು ಕೇಳುತ್ತೇನೆ.

ಈ ಬೋರ್ಡ್ ಮೊದಲು ಮಾರಾಟಕ್ಕೆ ಬಂದದ್ದು 2012ರ ಫೆಬ್ರವರಿ 29ರಂದು, ಬ್ರಿಟನ್‌ನಲ್ಲಿ. ಆಗ ಬೆಲೆ 35 ಡಾಲರ್. ಶಾಲೆ ಮಕ್ಕಳು ಮೇಜಿನ ಮೇಲಿಟ್ಟುಕೊಂಡು ಪ್ರೋಗ್ರಾಮಿಂಗ್ ಕಲಿಯಲಿ ಅನ್ನುವುದು ಮಾಡಿದವರ ಆಸೆ. ನಾವು ಅದನ್ನು ತಾರಸಿಯ ನೀರಿನ ಟ್ಯಾಂಕ್ ಪಕ್ಕ, ರೇಷ್ಮೆ ಹುಳು ಸಾಕುವ ಮನೆಯ ಗೋಡೆಗೆ, ಪಂಪ್ ಶೆಡ್‌ನೊಳಗೆ ಕಟ್ಟುತ್ತೇವೆ. ಕಟ್ಟಬಾರದು ಅಂತೇನಿಲ್ಲ. ಆದರೆ ದುಡ್ಡನ್ನು ಎಲ್ಲಿ ಹಾಕಬೇಕು ಅನ್ನುವ ಲೆಕ್ಕ ಅಲ್ಲಿಂದ ಬದಲಾಗುತ್ತದೆ. ಬೋರ್ಡ್‌ನಲ್ಲಿ ಉಳಿಸಿ, ಕರೆಂಟಿಗೆ ಖರ್ಚು ಮಾಡಿ ಅನ್ನುತ್ತೇನೆ ನಾನು.

ಮೊದಲು ಕೇಬಲ್ ನೋಡೋಣ. ಮನೆಯಲ್ಲಿ ಬಿದ್ದಿರುವ ಹಳೇ ಮೊಬೈಲ್ ಚಾರ್ಜರ್, ತೆಳ್ಳಗಿನ ಉದ್ದದ ಕೇಬಲ್ ಹಾಕಿ ಎಲ್ಲರೂ ಶುರು ಮಾಡುತ್ತಾರೆ. ಆ ಕೇಬಲ್‌ನ ಹೋಗಿ ಬರುವ ತಂತಿಯ ತಡೆ ಒಟ್ಟು 0.3 ಓಮ್ ಇದೆ ಅಂದುಕೊಳ್ಳಿ. ಬೋರ್ಡ್ 1.5 ಆಂಪಿಯರ್ ಎಳೆದಾಗ ದಾರಿಯಲ್ಲೇ 0.45 ವೋಲ್ಟ್ ಕಳೆದುಹೋಗುತ್ತದೆ. ಚಾರ್ಜರ್ 5 ವೋಲ್ಟ್ ಕೊಟ್ಟರೂ ಬೋರ್ಡ್‌ಗೆ ಸಿಗುವುದು 4.55. ಸಿಗುವುದು 4.63 ವೋಲ್ಟ್ ಆಸುಪಾಸಿಗೆ ಇಳಿದರೇ ಪೈ ಎಚ್ಚರಿಕೆ ಕೊಡುತ್ತದೆ; ಪರದೆಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಬರುತ್ತದೆ. ಪರದೆ ಇಲ್ಲದೆ ಓಡಿಸುವವರು ವಿಸಿಜೆನ್‌ಸಿಎಂಡಿ ಕಮಾಂಡ್‌ನಲ್ಲಿ ಥ್ರಾಟಲ್ ಸ್ಥಿತಿ, ಅಂದರೆ ಬೋರ್ಡ್ ವೇಗ ತಗ್ಗಿಸಿಕೊಂಡಿದೆಯಾ ಅಂತ, ಕೇಳಿ ನೋಡಬಹುದು. ಸೊನ್ನೆ ಬಂದರೆ ನೆಮ್ಮದಿ. ಪೈ 4 ಮಾದರಿಗೆ 5.1 ವೋಲ್ಟ್, 3 ಆಂಪಿಯರ್‌ನ ಅದರದ್ದೇ ಅಡಾಪ್ಟರ್ ತಗೊಳ್ಳಿ. ಪೈ 5ಕ್ಕೆ 5 ಆಂಪಿಯರ್ ಬೇಕು. ಈ ವಿಷಯದಲ್ಲಿ ಚೌಕಾಸಿ ಬೇಡ.

ಎರಡನೆಯದು ಮೆಮೊರಿ ಕಾರ್ಡ್. ನಮ್ಮ ಕಡೆ ಸಾಯುವುದು ಇದೇ ಜಾಸ್ತಿ. ಕಾರ್ಡ್‌ನೊಳಗಿನ ಫ್ಲ್ಯಾಶ್‌ನಲ್ಲಿ ಒಂದು ಸಾಲು ಅಳಿಸಿ ಬರೆಯುವುದಕ್ಕೆ ಆಗುವುದಿಲ್ಲ. ಒಂದು ದೊಡ್ಡ ತುಂಡನ್ನೇ ಅಳಿಸಬೇಕು, ಅದರಲ್ಲಿದ್ದದ್ದನ್ನು ಬೇರೆ ಕಡೆ ಸಾಗಿಸಬೇಕು, ಯಾವುದು ಎಲ್ಲಿದೆ ಅನ್ನುವ ಪಟ್ಟಿಯನ್ನು ತಿದ್ದಬೇಕು. ಇದೆಲ್ಲ ಕಾರ್ಡ್ ತಾನೇ ಮಾಡಿಕೊಳ್ಳುತ್ತದೆ. ಆ ಹೊತ್ತಿಗೆ ಸರಿಯಾಗಿ ಕರೆಂಟ್ ಹೋದರೆ ಪಟ್ಟಿ ಅರ್ಧಂಬರ್ಧ ಉಳಿಯುತ್ತದೆ. ನೀವು ಏನೂ ಬರೆಯದಿದ್ದರೂ ಪೈಯ ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್ ಸುಮ್ನೆ ಕೂರುವುದಿಲ್ಲ, ಲಾಗ್ (ತನ್ನ ದಿನಚರಿ) ಬರೆಯುತ್ತಲೇ ಇರುತ್ತದೆ. ಎಲ್ಲ ಸೆಟ್ ಮಾಡಿ ಮುಗಿದ ಮೇಲೆ, ಸೆಟ್ಟಿಂಗ್ ಬದಲಿಸುವ ರಾಸ್ಪಿ-ಕಾನ್ಫಿಗ್‌ನಲ್ಲಿ ಓವರ್‌ಲೇ ಫೈಲ್ ಸಿಸ್ಟಂ ಆನ್ ಮಾಡಿ. ಆಮೇಲೆ ಬರೆಯುವುದೆಲ್ಲ ರ‍್ಯಾಮ್‌ಗೆ ಹೋಗುತ್ತದೆ, ಕಾರ್ಡ್ ಬರೀ ಓದುವುದಕ್ಕೆ. ರ‍್ಯಾಮ್‌ನಲ್ಲಿದ್ದದ್ದು ಕರೆಂಟ್ ಹೋದರೆ ಹೋಯಿತು, ಅದು ಗೊತ್ತಿರಲಿ. ಉಳಿಯಬೇಕಾದ ಲೆಕ್ಕವನ್ನು ಬೇರೆ ಕಡೆ ಕಳಿಸಿಕೊಳ್ಳಿ. ನಕಲಿ ಕಾರ್ಡ್‌ಗಳ ಕಾಟವೂ ಇದೆ. ಮೇಲೆ 64 ಜಿಬಿ ಅಂತ ಬರೆದಿರುತ್ತದೆ, ಒಳಗೆ ನಿಜಕ್ಕೂ ಇರುವುದು ಅದರಲ್ಲಿ ಸ್ವಲ್ಪ ಭಾಗ. ಎಫ್3 ಅನ್ನುವ ಉಚಿತ ಪ್ರೋಗ್ರಾಂ ಕಾರ್ಡ್ ತುಂಬಾ ಬರೆದು, ವಾಪಸ್ ಓದಿ ನಿಜ ಹೇಳುತ್ತದೆ. ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ತಂದಿರಲಿ, ಆನ್‌ಲೈನ್‌ನಲ್ಲಿ ತರಿಸಿರಲಿ, ಮೊದಲ ದಿನವೇ ಇದನ್ನು ಓಡಿಸಿ.

ವೈಫೈ ರೂಟರ್‌ಗೆ ಹಾಕುವ ಸಣ್ಣ 12 ವೋಲ್ಟ್ ಯುಪಿಎಸ್ ಪೈಗೂ ಆಗುತ್ತದೆ. ನಡುವೆ 5 ವೋಲ್ಟ್‌ಗೆ ಇಳಿಸುವ ಬಕ್ ಕನ್ವರ್ಟರ್ ಬೇಕು. ಹೊಂದಿಸುವ ಸ್ಕ್ರೂ ಇರುವ ಮಾಡ್ಯೂಲ್ ಆದರೆ, ಮಲ್ಟಿಮೀಟರ್ ಹಿಡಿದು 5.1ಕ್ಕೆ ತಿರುಗಿಸಿಟ್ಟು, ಆಮೇಲೆ ಬೋರ್ಡ್ ಜೋಡಿಸಿ. ಅಂಗಡಿಗೆ ನಿಜವಾಗಿಯೂ ಸತ್ತು ಬರುವ ಬೋರ್ಡ್‌ಗಳಲ್ಲಿ ಕೆಲವು ಈ ಸ್ಕ್ರೂ ಮುಟ್ಟದೆ 12 ವೋಲ್ಟ್ ಹರಿಸಿದವು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಪ್ರಶ್ನೆ. ನಿಮಗೆ ಕಂಪ್ಯೂಟರ್ ಬೇಕೇ ಬೇಕಾ? ಟ್ಯಾಂಕ್‌ನಲ್ಲಿ ನೀರೆಷ್ಟಿದೆ, ಹುಳು ಮನೆಯಲ್ಲಿ ಶಾಖ ಎಷ್ಟಿದೆ ಅಂತ ನಿಮಿಷಕ್ಕೊಮ್ಮೆ ಅಳೆಯುವುದಕ್ಕೆ ಲಿನಕ್ಸ್ ಓಡಿಸುವುದು, ಸೊಪ್ಪು ತರುವುದಕ್ಕೆ ಲಾರಿ ತಗೊಂಡು ಹೋದ ಹಾಗೆ. ಇಎಸ್‌ಪಿ32 ಅನ್ನುವ ಚಿಪ್‌ನ ಬೋರ್ಡ್ ಸಾಕು. ಅದರಲ್ಲಿ ವೈಫೈ ಇದೆ. ಕಾರ್ಡ್ ಇಲ್ಲ, ಆಪರೇಟಿಂಗ್ ಸಿಸ್ಟಂ ಬೂಟ್ ಆಗುವ ರಗಳೆ ಇಲ್ಲ. ಕರೆಂಟ್ ಹತ್ತು ಸಲ ಹೋಗಿ ಬಂದರೂ ಬಂದ ಕೂಡಲೇ ಕೆಲಸ ಶುರು ಮಾಡುತ್ತದೆ. ಪೈ ಮನೆಯೊಳಗೆ ತಣ್ಣಗೆ ಒಂದು ಕಡೆ ಕೂತು, ಇವು ಕಳಿಸಿದ ಲೆಕ್ಕವನ್ನು ಜೋಡಿಸಿಡಲಿ. ಮೂರು ವ್ಯಾಟ್ ಎಳೆಯುವ ಬೋರ್ಡ್ ದಿನವಿಡೀ ಓಡಿದರೂ ತಿಂಗಳಿಗೆ ಎರಡು ಯೂನಿಟ್ ಚಿಲ್ಲರೆ.

ಟ್ಯಾಂಕ್ ಮಟ್ಟ ನೋಡುವುದೇ ಎಲ್ಲರ ಮೊದಲ ಪ್ರಾಜೆಕ್ಟ್. ನಲ್ಲಿ ನೀರಿಗೆ ದಿನ ಎಣಿಸುವ ಊರುಗಳಲ್ಲಿ ಆಶ್ಚರ್ಯವೇನಿಲ್ಲ. ಶಬ್ದ ಕಳಿಸಿ ದೂರ ಅಳೆಯುವ, ಎರಡು ಕಣ್ಣಿನ ಎಚ್‌ಸಿ-ಎಸ್‌ಆರ್04 ಸೆನ್ಸರ್ ಅಗ್ಗ, ಆದರೆ ಟ್ಯಾಂಕ್‌ನೊಳಗಿನ ಆವಿಗೆ ಬೇಗ ಹಾಳಾಗುತ್ತದೆ. ಜೆಎಸ್‌ಎನ್ ಅನ್ನುವ, ನೀರು ತಾಗದ ಮಾದರಿ ತಗೊಳ್ಳಿ. ಅದು 20-25 ಸೆಂಟಿಮೀಟರ್‌ಗಿಂತ ಹತ್ತಿರದ್ದನ್ನು ಅಳೆಯಲಾರದು. ಟ್ಯಾಂಕ್ ತುಂಬಿದಾಗ ನೀರು ನಿಲ್ಲುವ ಮಟ್ಟಕ್ಕಿಂತ ಅಷ್ಟು ಮೇಲೆ ಕಟ್ಟಿ. 5 ವೋಲ್ಟ್‌ನಲ್ಲಿ ಓಡಿಸಿದರೆ ಇಂಥ ಸೆನ್ಸರ್ ವಾಪಸ್ ಕೊಡುವ ಸಂಕೇತವೂ 5 ವೋಲ್ಟ್. ಪೈಯ ಪಿನ್ ತಡೆದುಕೊಳ್ಳುವುದು 3.3. ನಡುವೆ 1 ಕಿಲೋ ಓಮ್, 2 ಕಿಲೋ ಓಮ್‌ನ ಎರಡು ರೆಸಿಸ್ಟರ್ ಹಾಕಿ ಹಂಚಿದರೆ ಮುಗಿಯಿತು. ಒಂದೆರಡು ರೂಪಾಯಿ ಕೆಲಸ.

ಹುಳು ಮನೆಯದ್ದು ಇದಕ್ಕಿಂತ ನಾಜೂಕು. ಚಾಕಿ (ಎಳೆಯ) ಹುಳುವಿಗೆ 27-28 ಡಿಗ್ರಿ ಶಾಖ, ಶೇ 80-90 ತೇವ ಬೇಕು. ಹುಳು ದೊಡ್ಡದಾದಂತೆ ಶಾಖ 24-25ಕ್ಕೆ, ತೇವ ಶೇ 70ರ ಹತ್ತಿರಕ್ಕೆ ಇಳಿಯಬೇಕು. ಹುಡುಗರು ಕೊಂಡು ತರುವುದು ಶಾಖ, ತೇವ ಅಳೆಯುವ ನೀಲಿ ಬಣ್ಣದ ಸೆನ್ಸರ್ ಡಿಎಚ್‌ಟಿ11. ಅದರ ಶಾಖದ ಲೆಕ್ಕ 2 ಡಿಗ್ರಿ ಆಚೀಚೆ ಆಗುತ್ತದೆ, ತೇವ 80 ದಾಟಿದ ಮೇಲೆ ಅದನ್ನು ನಂಬುವಂತಿಲ್ಲ. ಬೇಕಾಗಿರುವ ಜಾಗದಲ್ಲೇ ಕುರುಡು, ಅಲ್ವಾ? ಡಿಎಚ್‌ಟಿ22 ಪರವಾಗಿಲ್ಲ, ಎಸ್‌ಎಚ್‌ಟಿ31 ಇನ್ನೂ ಚೆನ್ನ. ಗೋಡೆಗೆ ಹೊಡೆಯಬೇಡಿ, ತಟ್ಟೆ ಇರುವ ಸ್ಟ್ಯಾಂಡ್‌ನ ನಡು ಎತ್ತರದಲ್ಲಿ ನೇತುಹಾಕಿ. ಬೆಳೆಗೂ ಬೆಳೆಗೂ ನಡುವೆ ಬ್ಲೀಚಿಂಗ್ ಪೌಡರ್ ಅಥವಾ ಫಾರ್ಮಲಿನ್ ಹೊಡೆಯುವ ಮುಂಚೆ ಸೆನ್ಸರ್ ಬಿಚ್ಚಿಟ್ಟುಕೊಳ್ಳಿ, ಆ ಹೊಗೆ ಅದನ್ನು ಕೆಡಿಸುತ್ತದೆ. ಹುಳು ಜ್ವರಕ್ಕೆ (ಪೊರೆ ಬಿಡುವುದಕ್ಕೆ) ಕೂತಾಗ ಸುಣ್ಣದ ಪುಡಿ ಎರಚುವವರು ಸೆನ್ಸರ್ ಮೇಲೊಂದು ತೆಳು ಬಟ್ಟೆ ಮುಚ್ಚಿ. ಮನೆಯಲ್ಲಿ ಹಳೇ ಒದ್ದೆ-ಒಣ ಬಲ್ಬಿನ ಥರ್ಮಾಮೀಟರ್ ಇದ್ದರೆ ಎಸೆಯಬೇಡಿ. ವಾರಕ್ಕೊಮ್ಮೆ ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿ.

ಮನೆಯೊಳಗಿನ ಪ್ರಾಜೆಕ್ಟ್‌ಗಳಲ್ಲಿ ಜಾಹೀರಾತು ತಡೆಯುವ ಪೈ-ಹೋಲ್ ಒಳ್ಳೆಯದೇ. ಆದರೆ ಆ ಬೋರ್ಡ್ ಬಿದ್ದ ದಿನ ಇಡೀ ಮನೆಯ ಇಂಟರ್‌ನೆಟ್ ಬಿದ್ದ ಹಾಗೆ ಕಾಣುತ್ತದೆ, ಧಾರಾವಾಹಿ ನೋಡುವವರ ಕೈಲಿ ಬೈಸಿಕೊಳ್ಳಬೇಕಾಗುತ್ತದೆ. ಗಡಿಯಾರದ ವಿಷಯವೂ ಇದೆ. ಪೈ 5ಕ್ಕಿಂತ ಹಿಂದಿನವುಗಳಲ್ಲಿ ಗಡಿಯಾರದ ಚಿಪ್ ಇಲ್ಲ. ಕರೆಂಟ್ ಬಂದು, ನೆಟ್ ಇನ್ನೂ ಬಾರದಿದ್ದರೆ ಹಳೇ ಹೊತ್ತಿನಿಂದಲೇ ಎಣಿಕೆ ಶುರು ಮಾಡುತ್ತದೆ. ಡಿಎಸ್3231 ಅನ್ನುವ ಗಡಿಯಾರದ ಮಾಡ್ಯೂಲ್ ಹಾಕಿದರೆ ಸರಿಹೋಗುತ್ತದೆ. ಅದನ್ನು 3.3 ವೋಲ್ಟ್‌ಗೇ ಜೋಡಿಸಿ. ಅಗ್ಗದ ಮಾಡ್ಯೂಲ್‌ಗಳು 5 ವೋಲ್ಟ್ ಕೊಟ್ಟರೆ ಚಾರ್ಜ್ ಮಾಡಬಾರದ ಬಟನ್ ಸೆಲ್‌ಗೂ ಚಾರ್ಜ್ ತುಂಬಲು ಹೋಗುತ್ತವೆ.

ಕೊನೆಗೆ ಎಲ್ಲರೂ ಬಂದು ನಿಲ್ಲುವುದು ಬೋರ್‌ವೆಲ್ ಮೋಟರ್ ಹತ್ತಿರ. "ಅಣ್ಣಾ, ರಿಲೇ ಹಾಕಿ ಮೊಬೈಲ್‌ನಿಂದ ಆನ್ ಮಾಡೋಣ್ವಾ?" ಬೇಡ. ಬೋರ್ಡ್ ಹೇಳಿದಂತೆ ಆನ್-ಆಫ್ ಆಗುವ ಸ್ವಿಚ್ಚಾದ ಆ ಸಣ್ಣ ನೀಲಿ ರಿಲೇ ಮೇಲೆ 10 ಆಂಪಿಯರ್ ಅಂತ ಬರೆದಿರುವುದು ಬಲ್ಬಿನಂಥ ಲೋಡ್‌ಗೆ. ಮೋಟರ್ ಹೊರಡುವಾಗ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಸ್ಟಾರ್ಟರ್‌ನ ಕಾಯಿಲ್‌ನಲ್ಲೇ 415 ವೋಲ್ಟ್ ಇರುತ್ತದೆ, ಹವ್ಯಾಸಕ್ಕೆ ಕೈ ಹಾಕುವ ಜಾಗ ಅದಲ್ಲ. ಫೇಸ್ ಹೋದರೆ ಮೋಟರ್ ನಿಲ್ಲಿಸುವ ರಕ್ಷಣೆ ಇರುವ ಮೊಬೈಲ್ ಸ್ಟಾರ್ಟರ್‌ಗಳು ರೆಡಿಮೇಡ್ ಸಿಗುತ್ತವೆ, ಎಲೆಕ್ಟ್ರಿಷಿಯನ್ ಕೈಲಿ ಹಾಕಿಸಿಕೊಳ್ಳಿ. ನಿಮ್ಮ ಬೋರ್ಡ್ ನೋಡುವ ಕೆಲಸ ಮಾಡಲಿ. ಒಂದು ಫೇಸಿನ ತಂತಿಗೆ ಹೊರಗಿನಿಂದ ಕಚ್ಚಿಸುವ ಕ್ಲಾಂಪ್ ಸೆನ್ಸರ್ ಬರುತ್ತದೆ, ತಂತಿ ಕತ್ತರಿಸಬೇಕಾಗಿಲ್ಲ. ಮೇನ್ ಆಫ್ ಮಾಡಿಸಿ, ಅದನ್ನೂ ಎಲೆಕ್ಟ್ರಿಷಿಯನ್ ಕೈಲೇ ಕಚ್ಚಿಸಿ ಇಎಸ್‌ಪಿ32ಗೆ ಕೊಡಿ. ನೀರೆತ್ತುವಾಗ ಎಷ್ಟು ಆಂಪಿಯರ್ ಅಂತ ಕೆಲವು ದಿನ ಬರೆದಿಟ್ಟುಕೊಳ್ಳಿ. ಬೋರ್‌ನಲ್ಲಿ ನೀರಿಲ್ಲದೆ ಮೋಟರ್ ಒಣಗಿ ತಿರುಗುವಾಗ ಆ ಅಂಕಿ ಚೆನ್ನಾಗಿಯೇ ಇಳಿಯುತ್ತದೆ. ತೋಟಕ್ಕೆ ಹೋಗುವ ಮುಂಚೆಯೇ ಮನೆಯಲ್ಲಿ ಗೊತ್ತಾಗುತ್ತದೆ.